ಗುಕ್ಕೆಸ್ ಸರೋವರದ ಹತ್ತೊಂಬತ್ತು ಕೋಲು

ಗುಕ್ಕೆಸ್ ಚಳಿಗಾಲದ ಬಿಡಾರ,
ನವೆಂಬರ್ ೨೦, ೨೦೧೮

ಹಿಮನೆಲ ಅಧ್ಯಯನ ನಿಲ್ದಾಣದ ಮುಖ್ಯಸ್ಥರಾದ ತೊರ್ಮೂದ್ ಕ್ವಾಲ್ನೆಸ್ ಅವರಿಗೆ,

ನನ್ನ ಮಗ ಸಮ್ಮೋಲ್ ಸತ್ತು ಇಂದಿಗೆ ಹದಿನಾಲ್ಕು ದಿನ. ನೀವು ಕಳಿಸಿದ ಹೂಗಳು ತಲುಪಿದವು. ಅವನ್ನು ನಾಯಿಗಳ ಮುಂದೆ ಎಸೆದೆ, ಅವೂ ಮೂಸಲಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳುವ ಶಕ್ತಿ ನನಗಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನೀವೂ ಬರೆಯಿರಿ.

ಮೊದಲು ಸಂಗತಿ, ಆಮೇಲೆ ವಾದ. ಮೂವತ್ತೊಂದು ವರ್ಷದ ಹಿಂದೆ ಕಾಲೇಜಿನ ಚರ್ಚಾಕೂಟದಲ್ಲಿ ಈ ಕ್ರಮವನ್ನು ನನಗೆ ಕಲಿಸಿದವರು ನೀವೇ. ಅಂದು ನಾವಿಬ್ಬರೂ ಒಂದೇ ಪಕ್ಷದಲ್ಲಿ ಕೂರುತ್ತಿದ್ದೆವು.

ಸಂಗತಿ ಒಂದು. ನವೆಂಬರ್ ಆರರಂದು ಚದುರಿದ ಹಿಮಸಾರಂಗಗಳನ್ನು ತರಲು ಸಮ್ಮೋಲ್ ಹಿಮದ ಮೇಲೆ ಜಾರುವ ಸ್ಕೂಟರಿನಲ್ಲಿ ಮಂಜುಗಟ್ಟಿದ ಗುಕ್ಕೆಸ್ ಸರೋವರದ ಮೇಲೆ ಹೊರಟ. ನಡುವೆ ಬಿಳಿಗಾಳಿ ಎದ್ದಿತು. ಚಾಚಿದ ಕೈಯ ಬೆರಳು ಕಾಣದಂಥ ಗಾಳಿ. ಸಂಗತಿ ಎರಡು. ಮಂಜುಗಡ್ಡೆಯ ಮೇಲೆ ಸಾಲಾಗಿ, ಇಪ್ಪತ್ತು ಹೆಜ್ಜೆಗೊಂದರಂತೆ, ನೆಟ್ಟಗೆ ನಿಂತ ಹತ್ತೊಂಬತ್ತು ಬರ್ಚ್ ಮರದ ಕೋಲುಗಳು ಅವನಿಗೆ ಕಂಡವು. ಈ ಪ್ರಸ್ಥಭೂಮಿಯಲ್ಲಿ ನೆಟ್ಟಗೆ ನಿಂತ ಕೋಲು ಎಂದರೆ ‘ಇಲ್ಲಿ ನೆಲ ತಡೆಯುತ್ತದೆ, ಬಾ’ ಎಂದರ್ಥ. ಅಡ್ಡಡ್ಡ ಕಟ್ಟಿದ ಜೋಡಿ ಕೋಲು ಎಂದರೆ ‘ಸಾವಿದೆ, ತಿರುಗು’ ಎಂದರ್ಥ. ಮಾತು ಬರುವ ಮೊದಲೇ ನಮ್ಮ ಮಕ್ಕಳಿಗೆ ಇದು ಗೊತ್ತಿರುತ್ತದೆ. ಕೋಲು ನೆಡುವವನು ಕಾಣದವನಿಗೆ ಮಾತು ಕೊಡುತ್ತಾನೆ. ಸಂಗತಿ ಮೂರು. ಆ ಕೋಲುಗಳು ದಾರಿಯ ಕೋಲುಗಳಾಗಿರಲಿಲ್ಲ. ತಳದಿಂದ ಅನಿಲ ಗುಳ್ಳೆಯೆದ್ದು ಮಂಜು ಕಟ್ಟಗೊಡದ ಜಾಗಗಳಿಗೆ ನಿಮ್ಮ ನಿಲ್ದಾಣ ಇಟ್ಟ ಗುರುತುಗಳಾಗಿದ್ದವು. ಆರು ಕೋಲುಗಳವರೆಗೆ ಸ್ಕೂಟರಿನ ವೇಗವೇ ಅವನನ್ನು ದಾಟಿಸಿತು. ಏಳನೆಯದರ ಬಳಿ ಮಂಜು ಎರಡು ಬೆರಳಿನಷ್ಟೂ ದಪ್ಪವಿರಲಿಲ್ಲ.

ಮೂರು ದಿನ ನೀರನ್ನು ಬಾಚಿದೆವು. ಗರಗಸದಿಂದ ಮಂಜನ್ನು ಕೊಯ್ದು, ಪಾತಾಳಗರಡಿ ಇಳಿಬಿಟ್ಟು ನಾನು ಎಳೆದೆ. ನನ್ನ ತಮ್ಮನ ಮಗ ಯೊವ್ನಾ ಹಗ್ಗ ಹಿಡಿದಿದ್ದ. ಮೂರನೆಯ ದಿನ ಕೊಕ್ಕೆಗೆ ಭಾರ ಸಿಕ್ಕಿತು. ಅದು ಸಿಕ್ಕಿದ್ದು ನನ್ನ ಮಗನ ದವಡೆಗೆ. ನಾನು ಎಳೆದಂತೆಲ್ಲ ಅವನ ಬಾಯಿ ತೆರೆಯುತ್ತಿತ್ತು, ಏನೋ ಹೇಳುವವನಂತೆ. ಯೊವ್ನಾ ಹಗ್ಗ ಬಿಟ್ಟು ಮಂಜಿನ ಮೇಲೆ ಬೋರಲು ಬಿದ್ದು ವಾಂತಿ ಮಾಡಿಕೊಂಡ. ಉಳಿದದ್ದನ್ನು ನಾನೊಬ್ಬನೇ ಎಳೆದೆ.

ಹೂಳಿದ ಮರುದಿನ ಆ ಏಳನೆಯ ಕಂಡಿಗೆ ಹೋಗಿ ಬೆಂಕಿಕಡ್ಡಿ ಗೀರಿ ಹಿಡಿದೆ. ನೀರಿನಿಂದ ಉರಿ ಆಳೆತ್ತರ ಎದ್ದಿತು. ಹುಬ್ಬು ಸುಟ್ಟಿತು. ನೀವು ಅಳೆಯುವ ವಸ್ತು ಯಾವುದೆಂದು ಕಣ್ಣಾರೆ ನೋಡಬೇಕಿತ್ತು, ನೋಡಿದೆ.

ಈಗ ನನ್ನ ಬೇಡಿಕೆ. ಆ ಕೋಲುಗಳನ್ನು ನೆಟ್ಟ ಕೈ ಯಾರದು? ಹೆಸರು ಬೇಕು. ಸಮಿತಿಯ ವರದಿ ಬೇಡ, ವಿಷಾದ ಬೇಡ. ಡಿಸೆಂಬರ್ ಒಂದರೊಳಗೆ ಹೆಸರು ಬರದಿದ್ದರೆ, ಗಾಳಿ ಅಳೆಯುವ ನಿಮ್ಮ ಗೋಪುರ ನಿಂತಿರುವ ನೆಲಕ್ಕೆ ನಮ್ಮ ನಾಲ್ಕು ಮನೆಗಳ ಹಿಂಡುಕೂಟ ಕೊಟ್ಟ ಒಪ್ಪಿಗೆ ಮೇ ತಿಂಗಳಲ್ಲಿ ಮುಗಿಯುವವರೆಗೆ ನಾನು ಕಾಯುವುದಿಲ್ಲ. ಹೆಸರು ಬಂದರೆ ಆ ಕೈಗಳನ್ನು ಮುರಿಯುತ್ತೇನೆ. ನಾನು ಹೇಳಿದ್ದನ್ನು ಮಾಡುವವನೆಂದು ನಿಮಗೆ ಗೊತ್ತು.

ಹೇಯ್ಕಾ ಉತ್ಸಿ

* * *

ಹಿಮನೆಲ ಅಧ್ಯಯನ ನಿಲ್ದಾಣ,
ನವೆಂಬರ್ ೨೭

ಹೇಯ್ಕಾ,

‘ನೀವು’ ಎಂದು ಬರೆದಿದ್ದೀಯ. ಬರೆದುಕೋ. ನನಗೆ ಹಾಗೆ ಬರೆಯಲು ಬರುವುದಿಲ್ಲ.

ಸಮ್ಮೋಲ್ ಆರು ವರ್ಷದವನಿದ್ದಾಗ ನಮ್ಮ ಗೋಪುರದ ಬುಡದಲ್ಲಿ ನಿಂತು, “ಮಾವ, ಇದು ಏನ್ ಕೇಳಿಸ್ಕೊಳ್ತಾ ಇದೆ?” ಎಂದು ಕೇಳಿದ್ದ. ನೆಲ ಉಸಿರಾಡುವುದನ್ನು ಎಂದಿದ್ದೆ. ಅವನು ಹಿಮದ ಮೇಲೆ ಮಲಗಿ ಕಿವಿಯಿಟ್ಟು, “ನಂಗೇನೂ ಕೇಳ್ತಿಲ್ಲ, ನೀನು ಸುಳ್ಳು ಹೇಳ್ತೀಯ” ಎಂದ. ಈ ಮೂರು ವಾರಗಳಲ್ಲಿ ನನಗೆ ಬೇರೇನೂ ನೆನಪಾಗುತ್ತಿಲ್ಲ.

ಸಂಗತಿ ಕೇಳಿದ್ದೀಯ. ಬೇಸಿಗೆಯ ನೂರು ದಿನ ಈ ಬಯಲಿನ ಪಾಚಿ, ಕುರುಚಲು, ಹುಲ್ಲು ಗಾಳಿಯಿಂದ ಇಂಗಾಲವನ್ನು ಒಳಕ್ಕೆ ಎಳೆಯುತ್ತವೆ. ಉಳಿದ ದಿನಗಳಲ್ಲಿ ಹಿಮದ ಅಡಿಯ ನೆಲ ಅದನ್ನು ಹೊರಕ್ಕೆ ಬಿಡುತ್ತದೆ. ಎಳೆದದ್ದು ಹೆಚ್ಚೋ ಬಿಟ್ಟದ್ದು ಹೆಚ್ಚೋ ಎನ್ನುವುದೊಂದೇ ನನ್ನ ಹನ್ನೊಂದು ಚಳಿಗಾಲಗಳ ಪ್ರಶ್ನೆ. ಸಾವಿರಾರು ವರ್ಷ ಎಳೆದದ್ದೇ ಹೆಚ್ಚಿತ್ತು. ಅದಕ್ಕೇ ನಿನ್ನ ಕಾಲ ಕೆಳಗೆ ಅಷ್ಟು ಆಳದ ಕಪ್ಪು ಜೌಗುಮಣ್ಣು ಹೆಪ್ಪುಗಟ್ಟಿ ಕೂತಿದೆ. ಈಗ ಅದು ಕರಗಿ ಕೊಳೆಯುತ್ತಿದೆ. ಸರೋವರದ ತಳದಲ್ಲಿ ಕೊಳೆತದ್ದು ಮೀಥೇನ್ ಆಗಿ ಏಳುತ್ತದೆ. ನೀನು ಹಚ್ಚಿದ್ದು ಅದನ್ನು. ಸರೋವರ ಎಷ್ಟು ಬಿಡುತ್ತದೆಂದು ತಿಳಿಯದೆ ಉತ್ತರ ಪೂರ್ತಿಯಾಗುವುದಿಲ್ಲವಾದ್ದರಿಂದ ಗುಳ್ಳೆಯೇಳುವ ಜಾಗಗಳನ್ನು ಗುರುತಿಸಿದೆವು. ಗುರುತಿಗೆಂದು ತರಿಸಿದ್ದ ಹಳದಿ ಬಣ್ಣದ ಬಿದಿರು ಗಳುಗಳು ಬಂದರಿನಲ್ಲಿ ಸಿಕ್ಕಿಬಿದ್ದಿದ್ದವು. ಬರ್ಚ್ ಕೋಲು ಕಡಿದು ನೆಡಿ ಎಂದು ಕೆಲಸದ ಹಾಳೆಯಲ್ಲಿ ಬರೆದೆ. ನೆಟ್ಟಗೆ ನೆಡಿ ಎಂದೂ ಬರೆದೆ.

ಹೆಸರು ಕೇಳಿದ್ದೀಯ. ಬರೆದುಕೋ: ತೊರ್ಮೂದ್ ಕ್ವಾಲ್ನೆಸ್. ಕೈಗಳು ಇಲ್ಲೇ ಇವೆ. ಬಂದು ಮುರಿ.

ನಿನ್ನ,
ತೊರ್ಮೂದ್

* * *

ಗುಕ್ಕೆಸ್ ಬಿಡಾರ,
ಡಿಸೆಂಬರ್ ೪

ಮಾನ್ಯರೆ,

ನಿಮ್ಮ ವಾದ ಸುಂದರವಾಗಿದೆ ಮತ್ತು ಸುಳ್ಳಾಗಿದೆ. ಕೋಲುಗಳು ಎದ್ದ ಅಕ್ಟೋಬರ್ ಕೊನೆಯ ವಾರ ನೀವು ರಾಜಧಾನಿಯಲ್ಲಿ ಭಾಷಣ ಮಾಡುತ್ತಿದ್ದಿರಿ. ಪತ್ರಿಕೆಯಲ್ಲಿ ಚಿತ್ರ ಬಂದಿದೆ. ಅಪರಾಧವನ್ನು ತನ್ನ ಮೇಲೆ ಹಾಕಿಕೊಳ್ಳುವವನು ಎರಡು ಕೆಲಸ ಒಮ್ಮೆಗೇ ಮಾಡುತ್ತಾನೆ: ತಾನು ದೊಡ್ಡವನಾಗುತ್ತಾನೆ, ತಪ್ಪು ಮಾಡಿದವನನ್ನು ಬಚ್ಚಿಡುತ್ತಾನೆ. ಈ ತಂತ್ರವನ್ನು ನೀವು ಚರ್ಚಾಕೂಟದಲ್ಲೂ ಬಳಸುತ್ತಿದ್ದಿರಿ.

ನಮ್ಮ ನಡುವಿನ ಜಗಳ ಈ ಸಾವಿಗಿಂತ ಹಳೆಯದು. ನಮ್ಮ ಕರು ಹಾಕುವ ಬಯಲಿನಲ್ಲಿ ವಿದ್ಯುತ್ತಿಗಾಗಿ ಗಾಳಿಯಂತ್ರ ನಿಲ್ಲಿಸಲು ಬಂದವರ ಪರವಾಗಿ, ‘ಈ ನೆಲ ಹೊರಕ್ಕೆ ಬಿಡುವ ಇಂಗಾಲ ಹೆಚ್ಚಾಗಿದೆ, ಆದ್ದರಿಂದ ಇಂಥ ಯಂತ್ರಗಳು ಬೇಕು’ ಎಂದು ನೀವು ಸಾಕ್ಷಿ ನುಡಿದಿರಿ. ನಿಮ್ಮ ಅಳತೆ ನಿಜವಿರಬಹುದು. ಆದರೆ ನಮ್ಮ ನೆಲದ ಉಸಿರನ್ನು ನಮ್ಮ ವಿರುದ್ಧ ಸಾಕ್ಷಿಕಟ್ಟೆಗೆ ಹತ್ತಿಸಿದವರು ನೀವು. ಅಂದಿನಿಂದ ನಿಲ್ದಾಣದ ಮಾತು ನನ್ನ ಮನೆಯಲ್ಲಿ ನಿಷಿದ್ಧ.

ಕೊಟ್ಟ ಗಡುವು ಮುಗಿಯಿತು. ನಿನ್ನೆ ನಿಮ್ಮ ಗೋಪುರದ ಬಳಿಗೆ ಹೋದೆ. ಬಿಗಿಹಗ್ಗಗಳು ಉಕ್ಕಿನವು, ಕೊಡಲಿಗೆ ಬಗ್ಗಲಿಲ್ಲ. ಬುಡದ ಗೂಟಗಳ ಸುತ್ತ ಅಗೆದೆ. ಡಿಸೆಂಬರಿನಲ್ಲಿ ಕಲ್ಲಾಗಿರಬೇಕಾದ ನೆಲ ಮೊಳದಾಳದಲ್ಲಿ ಗಂಜಿಯಂತಿತ್ತು, ಕೊಳೆತ ಬೇರಿನ ನಾತ ಹೊಡೆಯುತ್ತಿತ್ತು. ನೀವು ಹೇಳುತ್ತಿದ್ದುದು ನಿಜವೆಂದು ಒಪ್ಪುತ್ತೇನೆ. ಗೂಟ ಕಿತ್ತು ಸ್ಕೂಟರಿಗೆ ಕಟ್ಟಿ ಎಳೆದೆ. ಹನ್ನೆರಡು ಮೀಟರಿನ ಗೋಪುರ ಮೊದಲು ಮಂಡಿಯೂರಿತು, ಆಮೇಲೆ ಮುಖವಡಿಯಾಗಿ ಬಿತ್ತು. ಅದರ ನೆತ್ತಿಯ ಯಂತ್ರಗಳನ್ನು ಕೊಡಲಿಯ ಹಿಂಬದಿಯಿಂದ ಒಂದೊಂದಾಗಿ ಜಜ್ಜಿದೆ. ಕೊನೆಯದರಲ್ಲಿ ಸಣ್ಣ ಹಸಿರು ದೀಪ ಬಹಳ ಹೊತ್ತು ಮಿನುಗುತ್ತಿತ್ತು. ಅದನ್ನು ಬೂಟಿನಿಂದ ತುಳಿದೆ.

ಇನ್ನೊಂದು ಸಂಗತಿ. ಹತ್ತೊಂಬತ್ತನೆಯ ಕೋಲಿನ ಬುಡದಲ್ಲಿ ಬೂದು ಬಣ್ಣದ ಕೈಗವಸು ಮಂಜಿಗೆ ಅಂಟಿಕೊಂಡಿತ್ತು. ಒಳಗಡೆ ಯಾರ್ಲೆ ಎಂದು ಹೊಲಿದಿದೆ. ನಿಮ್ಮ ಯಂತ್ರ ನೋಡಿಕೊಳ್ಳುವ ದಕ್ಷಿಣದ ಹುಡುಗ ತಾನೆ? ನನಗಿನ್ನು ನಿಮ್ಮಿಂದ ಹೆಸರು ಬೇಕಾಗಿಲ್ಲ.

ಹೇಯ್ಕಾ ಉತ್ಸಿ

* * *

ಕರಾವಳಿಯ ಆಸ್ಪತ್ರೆ,
ಡಿಸೆಂಬರ್ ೧೩

ಹೇಯ್ಕಾ,

ನಿನ್ನ ಪತ್ರ ನನ್ನ ಕೈಗೆ ಬರುವ ಮೊದಲೇ ನೀನು ಯಾರ್ಲೆಯ ಬಳಿಗೆ ಹೋಗಿದ್ದೆ. ಪೆಟ್ರೋಲ್ ಬಂಕಿನ ಹಿಂದೆ, ಹಗಲು ಹನ್ನೊಂದು ಗಂಟೆಗೆ, ನಾಲ್ಕು ಜನರ ಎದುರಿಗೆ.

ದವಡೆ ಎರಡು ಕಡೆ ಮುರಿದಿದೆ. ಪಕ್ಕೆಲುಬು ಮೂರು. ಎಡಗಣ್ಣನ್ನು ನಿನ್ನೆ ತೆಗೆದರು. ತಂತಿ ಕಟ್ಟಿದ ಬಾಯಿಂದ ಮಾತಾಡಲಾರ. ಹಲಗೆಯ ಮೇಲೆ ಬರೆಯುತ್ತಾನೆ. ಮೊದಲು ಬರೆದದ್ದು ‘ಅವರು ಯಾಕೆ ಹೊಡೆದರು?’ ಎಂದು. ನಾನು ವಿವರಿಸಿದೆ. ಹಲಗೆ ಒರೆಸಿ, ‘ಅವರ ಮಗನ ಹೆಸರೇನು?’ ಎಂದು ಬರೆದ.

ಅವನು ನವೆಂಬರ್ ಮೂರರವರೆಗೆ ರಜೆಯಲ್ಲಿ ತಾಯಿಯ ಮನೆಯಲ್ಲಿದ್ದ. ಕೋಲು ನೆಟ್ಟದ್ದು ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ. ಅವನ ಕೈಗವಸು ನಿಲ್ದಾಣದ ಗೂಟಕ್ಕೆ ನೇತುಹಾಕಿತ್ತು, ಯಾರೋ ಹಾಕಿಕೊಂಡು ಹೋದರು. ಕೈಗವಸು ಅವನದು. ಕೈ ಅವನದಲ್ಲ.

ಆ ಕೈ ಯಾರದೆಂದು ನನಗೆ ಗೊತ್ತು. ಮೊದಲ ಪತ್ರದಲ್ಲೇ ಬರೆಯಬೇಕಿತ್ತೇನೋ. ‘ನಾನೇ ಹೇಳ್ತೀನಿ, ನೀವು ಹೇಳ್ಬೇಡಿ, ನನ್ನ ಬಾಯಿಂದಾನೇ ಅವರಿಗೆ ಗೊತ್ತಾಗ್ಬೇಕು’ ಎಂದು ಕೋಲು ನೆಟ್ಟವನು ನನ್ನ ಕಾಲು ಹಿಡಿದ. ಮಾತು ಕೊಟ್ಟೆ. ಮಾತು ಉಳಿಸಿಕೊಂಡ ಬೆಲೆಯಾಗಿ ಇನ್ನೊಬ್ಬನ ಕಣ್ಣು ಹೋಯಿತು. ಇಷ್ಟು ಮಾತ್ರ ಹೇಳುತ್ತೇನೆ: ಸಮ್ಮೋಲ್ ಸಾಯುವ ಮೊದಲೇ ಅವನು ನಿನ್ನನ್ನು ಎಚ್ಚರಿಸಲು ಒಮ್ಮೆ ನಿನ್ನ ಮನೆಗೆ ಬಂದಿದ್ದ.

ಇನ್ನು ಯಾರನ್ನೂ ಮುಟ್ಟಬೇಡ. ಬೇಡಿಕೊಳ್ಳುತ್ತಿದ್ದೇನೆ.

ತೊರ್ಮೂದ್

* * *

ಗುಕ್ಕೆಸ್ ಬಿಡಾರ,
ಡಿಸೆಂಬರ್ ೨೧

ಮಾನ್ಯರೆ,

ಪೊಲೀಸರು ಎರಡು ದಿನ ಇಟ್ಟುಕೊಂಡು, ವಿಚಾರಣೆಗೆ ಬರಬೇಕೆಂದು ಹೇಳಿ ಬಿಟ್ಟಿದ್ದಾರೆ. ಪಶ್ಚಾತ್ತಾಪವಿದೆಯೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವನಿಗೆ ಒಂದು ಕಣ್ಣು ಉಳಿದಿದೆ, ನನ್ನ ಮಗನಿಗೆ ಎರಡೂ ಉಳಿದಿಲ್ಲ ಎಂದೆ. ತಪ್ಪಾದ ಮನುಷ್ಯನನ್ನು ಹೊಡೆದೆನೆಂದು ನೀವು ಹೇಳುತ್ತೀರಿ. ಸರಿಯಾದ ಮನುಷ್ಯನನ್ನು ಬಚ್ಚಿಟ್ಟವರು ಯಾರು?

ನಿಮ್ಮ ಕೊನೆಯ ಮಾತನ್ನು ಖಂಡಿಸುತ್ತೇನೆ. ನನ್ನನ್ನು ಎಚ್ಚರಿಸಲು ಯಾರೂ ಬರಲಿಲ್ಲ. ನನ್ನ ಬಾಗಿಲಿಗೆ ಬಂದವನ ಮಾತನ್ನು ಕೇಳದೆ ಕಳಿಸುವ ಅಭ್ಯಾಸ ನನಗಿಲ್ಲ. ಎದುರಾಳಿಯ ಮಾತನ್ನು ಪೂರ್ತಿ ಕೇಳದವನು ಉತ್ತರಿಸಲಾರ ಎಂಬುದು ಚರ್ಚಾಕೂಟದ ಮೊದಲ ಪಾಠ.

ನನ್ನ ಹೆಂಡತಿ ರಿಸ್ತೆನ್ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆ ದಕ್ಷಿಣದ ಹುಡುಗನ ತಾಯಿಗೆ ಬರೆಯುತ್ತಿದ್ದಾಳೆಂದು ಕಾಣುತ್ತದೆ. ನಾನು ತಡೆಯುವುದಿಲ್ಲ.

ಹೆಸರು.

ಹೇಯ್ಕಾ ಉತ್ಸಿ

* * *

ಪೊಲೀಸ್ ಠಾಣೆಯ ಬಂದೀಖಾನೆ,
ಜನವರಿ ೧೧, ೨೦೧೯

ತೊರ್ಮೂದ್,

ಸಂಗತಿ ಮೊದಲು. ಈ ಕ್ರಮವನ್ನು ಈಗ ಬಿಟ್ಟರೆ ನನ್ನಲ್ಲಿ ಉಳಿಯುವುದೇನೂ ಇಲ್ಲ.

ಎಂಟನೆಯ ತಾರೀಖು ದೊಡ್ಡಿಯಲ್ಲಿ ಕಡಿತದ ದಿನ. ನಾಲ್ಕೂ ಮನೆಯವರು ಸೇರಿದ್ದೆವು. ಹುಲ್ಲು ಸಿಗದೆ ಬಡವಾದ ಗಂಡು ಸಾರಂಗಗಳನ್ನು ಮೊದಲು ಕಡಿದೆವು: ಈಚಿನ ಚಳಿಗಾಲಗಳಲ್ಲಿ ನಡುವೆ ಮಳೆ ಬಿದ್ದು ನೆಲದ ಮೇಲೆ ಗಾಜಿನಂತೆ ಮಂಜು ಕಟ್ಟುತ್ತದೆ, ಗೊರಸಿನಿಂದ ಕೆದಕಿ ಕೆದಕಿ ಪ್ರಾಣಿಗಳ ಕಾಲಲ್ಲಿ ರಕ್ತ ಬರುತ್ತದೆ. ಮಧ್ಯಾಹ್ನದ ವೇಳೆಗೆ ಹಿಮವೆಲ್ಲ ಕೆಂಪು ಕೆಸರಾಗಿತ್ತು. ಯೊವ್ನಾ ಹಗ್ಗವೆಸೆದು ಕೊಂಬಿಗೆ ಹಾಕುತ್ತಿದ್ದ. ನಮ್ಮ ಜನರಲ್ಲಿ ಅವನಷ್ಟು ಚೆನ್ನಾಗಿ ಹಗ್ಗ ಎಸೆಯುವವರು ಯಾರೂ ಇಲ್ಲ. ನಾನು ಇರಿಯುತ್ತಿದ್ದೆ.

ನನ್ನ ತಮ್ಮ ಏನೋ ತಮಾಷೆಗೆ, ನಮ್ಮಣ್ಣ ಕೊಡಲಿ ಹಿಡಿದರೆ ಗೋಪುರಗಳೇ ಮಂಡಿಯೂರುತ್ತವೆ ಎಂದ. ಒಂದಿಬ್ಬರು ನಕ್ಕರು. ಯೊವ್ನಾ ಹಗ್ಗ ಕೆಳಗೆ ಹಾಕಿ ನನ್ನ ಮುಂದೆ ಬಂದು ನಿಂತ.

“ದೊಡ್ಡಪ್ಪ, ಕೋಲು ನೆಟ್ಟಿದ್ದು ನಾನು” ಎಂದ.

ನನಗೆ ಅರ್ಥವಾಗಲಿಲ್ಲ. ಅವನು ಹೇಳುತ್ತ ಹೋದ: ಶರತ್ಕಾಲದಲ್ಲಿ ನಿಲ್ದಾಣದಲ್ಲಿ ಕೂಲಿಗೆ ಸೇರಿದ್ದು, ನನಗೆ ಹೆದರಿ ಹೇಳದೇ ಇದ್ದದ್ದು, ನೆಟ್ಟಗೆ ನೆಡಿ ಎಂದು ಹಾಳೆಯಲ್ಲಿ ಬರೆದದ್ದನ್ನು ನೋಡಿ ನಿನಗೆ ಫೋನ್ ಮಾಡಿ, ಇದು ಇಲ್ಲಿ ನಡೆಯುವುದಿಲ್ಲ, ಅಡ್ಡಕೋಲು ಕಟ್ಟಬೇಕು ಎಂದದ್ದು, ಅಡ್ಡಕೋಲು ಇದ್ದರೆ ಅನಿಲ ಹಿಡಿಯುವ ಆಲಿಕೆ ನೇತುಹಾಕಲು ಬರುವುದಿಲ್ಲ, ಬಿದಿರು ಬರುವ ತನಕ ಮೂರೇ ವಾರ, ನಿನ್ನ ಜನಕ್ಕೆ ತಿಳಿಸಿಬಿಡು ಎಂದು ನೀನು ಹೇಳಿದ್ದು. ಹೌದಲ್ಲವೇ, ತೊರ್ಮೂದ್? ಅವನು ಮೂರು ಮನೆಗಳಿಗೆ ಹೋಗಿ ತಿಳಿಸಿದ. ಸಮ್ಮೋಲ್‌ಗೆ ಫೋನ್ ಮಾಡಿದ. ಸೆಪ್ಟೆಂಬರಿನ ದೊಡ್ಡಿಯಲ್ಲಿ ಒಡೆಯನ ಕಿವಿಗುರುತಿಲ್ಲದ ಕರುವೊಂದರ ಸಲುವಾಗಿ ಇಬ್ಬರೂ ಹೊಡೆದಾಡಿಕೊಂಡು ಮಾತು ಬಿಟ್ಟಿದ್ದರು. ಸಮ್ಮೋಲ್ ಫೋನ್ ಎತ್ತಲಿಲ್ಲ.

ಅಷ್ಟನ್ನು ಕೇಳುವ ಹೊತ್ತಿಗೆ ಅವನ ಬಲಗೈ ನನ್ನ ಹಿಡಿತದಲ್ಲಿತ್ತು. ಮೂಳೆ ಕಡಿಯುವ ದಿಮ್ಮಿಯ ಮೇಲೆ ಅದನ್ನು ಒತ್ತಿ ಕೊಡಲಿ ತಿರುಗಿಸಿ ಹಿಡಿದೆ. ಅವನು ಕೊಸರಾಡಲಿಲ್ಲ. ನನ್ನ ಮಗನ ಶವಪೆಟ್ಟಿಗೆಯನ್ನು ಹೊತ್ತ ಕೈ ಅದು.

“ನಾಲ್ಕನೇ ಮನೆಗೂ ಬಂದಿದ್ದೆ ದೊಡ್ಡಪ್ಪ. ಮೂವತ್ತನೇ ತಾರೀಖು. ನಿಲ್ದಾಣದೋರು ಕೆರೆ ಮೇಲೆ ಅನ್ನೋಷ್ಟರಲ್ಲಿ ನೀವು ಬಾಗ್ಲು ಹಾಕ್ಬಿಟ್ರಿ” ಎಂದ.

“ಸುಳ್ಳು” ಎಂದೆ. ಹೊಡೆದೆ. ಎರಡು ಬಾರಿ. ಮೊದಲನೆಯದಕ್ಕೆ ಬೆರಳುಗಳ ಸದ್ದು ಕೇಳಿಸಿತು. ಎರಡನೆಯದಕ್ಕೆ ಸದ್ದು ಬರಲಿಲ್ಲ. ನನ್ನ ತಮ್ಮ ಹಿಂದಿನಿಂದ ನನ್ನ ಕುತ್ತಿಗೆಗೆ ಹಗ್ಗ ಹಾಕಿ ಎಳೆದು ನೆಲಕ್ಕೆ ಕೆಡವಿದ, ಪ್ರಾಣಿಯನ್ನು ಕೆಡವುವ ಹಾಗೆಯೇ, ಮತ್ತು ಬೆನ್ನ ಮೇಲೆ ಕೂತು ನನ್ನ ಮುಖವನ್ನು ಆ ಕೆಂಪು ಕೆಸರಿಗೆ ಒತ್ತಿದ. ಉಸಿರು ಸಿಗಲಿಲ್ಲ. ಅವನ ಮಗನ ಕೈ. ಅವನು ನನ್ನನ್ನು ಕೊಂದಿದ್ದರೂ ಅದಕ್ಕೆ ಎದುರುವಾದವಿಲ್ಲ.

ಆಗ ರಿಸ್ತೆನ್ ಬಂದಳು. ಯೊವ್ನಾನ ಕೈಗೆ ತನ್ನ ಶಾಲು ಸುತ್ತಿದಳು. ಸುತ್ತುತ್ತಲೇ, ಏಳು ವಾರಗಳಲ್ಲಿ ಮೊದಲ ಬಾರಿಗೆ, ನನ್ನೊಡನೆ ಮಾತಾಡಿದಳು.

“ಸುಳ್ಳಲ್ಲ. ನಾನು ಒಳಗೆ ರೊಟ್ಟಿಗೆ ಹಿಟ್ಟು ನಾದ್ತಾ ಇದ್ದೆ. ಅವನು ಬಂದಿದ್ದು ಯಾಕೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು. ನೀನು ಕಳಿಸಿದ್ದು ಮಾತ್ರ ಕೇಳಿಸಿತ್ತು. ಊಟಕ್ಕೆ ಕೂತಾಗ ಇನ್ನೊಂದ್ ಸಲ ಕೇಳಿಸ್ದೆಯಲ್ಲ, ನಮ್ಗೆಲ್ಲ.”

ನೆನಪಾಯಿತು. ನಾನು ಮರೆತಿದ್ದೆನೆಂದಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೊಳೆದೇ ಇರಲಿಲ್ಲ. ಯೊವ್ನಾ ಹೊಸ್ತಿಲಲ್ಲಿ ನಿಂತು ನಿಲ್ದಾಣದ ಹೆಸರೆತ್ತಿದ ಕೂಡಲೇ ಅವನ ಗುಟ್ಟಿನ ಕೂಲಿಯ ಸುದ್ದಿ ನನಗೆ ಅರ್ಥವಾಗಿತ್ತು. “ಗಾಳಿ ಅಳೆಯೋರ ಸಂಬಳ ತಿನ್ನೋನು ಗಾಳಿ ಹತ್ರಾನೇ ಮಾತಾಡ್ಲಿ” ಎಂದು ಹೇಳಿ ಬಾಗಿಲು ಹಾಕಿದ್ದೆ. ವಾಕ್ಯ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ರಾತ್ರಿ ಊಟದಲ್ಲಿ ಅದನ್ನು ಮತ್ತೆ ಹೇಳಿದೆ. ಸಮ್ಮೋಲ್ ಬಾಯಿತುಂಬ ಮಾಂಸವಿಟ್ಟುಕೊಂಡು ನಕ್ಕ. “ಹೋಗ್ಲಿ, ಏನ್ ಹೇಳೋಕ್ ಬಂದಿದ್ನಂತೆ?” ಎಂದು ಕೇಳಿದ.

“ಯಾರ್ ಕೇಳ್ದೋರು” ಎಂದೆ.

ಅದಾಗಿ ಏಳು ದಿನಕ್ಕೆ ಅವನು ಸರೋವರದ ಮೇಲೆ ಹೊರಟ.

ಹೇಯ್ಕಾ

* * *

ನಿಲ್ದಾಣ,
ಜನವರಿ ೨೨

ಹೇಯ್ಕಾ,

ಹೌದು. ಮೂರೇ ವಾರ ಎಂದೆ. ತಿಳಿಸಿಬಿಡು ಎಂದೆ. ಫೋನಿನಲ್ಲಿ, ವಿಮಾನ ಹತ್ತುವ ಅವಸರದಲ್ಲಿ. ನಿಮ್ಮ ನಾಡಿನಲ್ಲಿ ಇಪ್ಪತ್ತಾರು ವರ್ಷ ಬದುಕಿದವನು ನಾನು. ನೆಟ್ಟಗೆ ನಿಂತ ಕೋಲಿನ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಲಿಕೆಗಳು ಓರೆಯಾಗಬಾರದೆಂದು ಯೋಚಿಸಿದೆ. ಯಾರ್ಲೆಯ ಕಣ್ಣು ಹೋದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನ ತಪ್ಪಿನ ಪಕ್ಕದಲ್ಲಿ ನನ್ನದನ್ನಿಟ್ಟು ತೂಗಬೇಡ. ತೂಕ ಹಾಕುವುದು ಇಬ್ಬರಿಗೂ ಚೆನ್ನಾಗಿ ಬರುತ್ತದೆ; ಅದೇ ನಮ್ಮ ರೋಗ.

ಯೊವ್ನಾನ ಬಲಗೈಯ ಮೂರು ಬೆರಳು ತೆಗೆದಿದ್ದಾರೆ. ಇನ್ನು ಹಗ್ಗ ಎಸೆಯಲಾರ.

ಗೋಪುರ ಬಿದ್ದಲ್ಲೇ ಇದೆ. ಹನ್ನೊಂದು ಚಳಿಗಾಲಗಳ ದಾಖಲೆ ಡಿಸೆಂಬರ್ ಮೂರರ ಹಗಲು ಎರಡೂಕಾಲಿಗೆ ನಿಂತಿದೆ. ನೀನು ತುಳಿದ ಆ ಹಸಿರು ದೀಪದ ಯಂತ್ರ ಕೊನೆಯ ಗಳಿಗೆಯವರೆಗೂ ಬರೆದಿದೆ: ಮಂಜು ಹೊದ್ದ ನೆಲ ಎಂದಿನಂತೆ ನಿಧಾನವಾಗಿ ಹೊರಕ್ಕೆ ಬಿಡುತ್ತಿತ್ತು, ಕೊನೆಯ ಅರ್ಧಗಂಟೆ ಅದು ನಾಲ್ಕು ಪಟ್ಟಾಗಿದೆ. ಏಕೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಅದು ನೀನು, ಹೇಯ್ಕಾ. ಯಂತ್ರದ ಮುಖಕ್ಕೆ ಮುಖವಿಟ್ಟು ಏದುಸಿರು ಬಿಡುತ್ತ ಹೊಡೆಯುತ್ತಿದ್ದ ನೀನು.

ಸಮ್ಮೋಲ್ ಸಾವಿನ ತನಿಖೆ ಇನ್ನೂ ಮುಗಿದಿಲ್ಲ. ಎಚ್ಚರಿಕೆ ಯಾರಿಗೆ ತಲುಪಿತ್ತು, ಯಾರಿಂದ ಮುಂದೆ ಹೋಗಲಿಲ್ಲ ಎಂದು ಕೇಳಿದ್ದಾರೆ. ನನ್ನ ಹೆಸರು ಕೊಟ್ಟಿದ್ದೇನೆ. ಯೊವ್ನಾ ತನ್ನದನ್ನು ತಾನೇ ಕೊಟ್ಟ. ನಿನ್ನ ಬಾಗಿಲಿಗೆ ಬಂದದ್ದನ್ನು ಮಾತ್ರ ಅವನು ಹೇಳಲಿಲ್ಲ. ನೀವೂ ಹೇಳಬೇಡಿ ಎಂದು ನನ್ನನ್ನೂ ದೊಡ್ಡಿಯಲ್ಲಿದ್ದವರನ್ನೂ ಕೇಳಿಕೊಂಡ. “ಅವರಿಗೆ ಮಗ ಹೋಗಿದಾನೆ, ಅದನ್ನೂ ಯಾಕೆ” ಎಂದ. ಹಾಗಾಗಿ ಕಾಗದದಲ್ಲಿ ಅವನು ಮೂರು ಮನೆಗೆ ಹೇಳಿ ನಾಲ್ಕನೆಯದನ್ನು ಬೇಕೆಂದೇ ಬಿಟ್ಟವನಂತೆ ಕಾಣುತ್ತಿದ್ದಾನೆ. ಕರುವಿನ ಜಗಳದ ಹಗೆಯಿಂದ ಬಿಟ್ಟ ಎಂದು ಬರೆಯಲು ಹೊರಟಿದ್ದಾರೆ. ಹಾಗೆ ಬರೆದರೆ ಅದು ಅಚಾತುರ್ಯವಲ್ಲ, ಕೊಲೆಗೆ ಹತ್ತಿರ.

ಅವನಿಗೆ ಕೊಟ್ಟ ಮಾತನ್ನು ಒಮ್ಮೆ ಉಳಿಸಿ ಯಾರ್ಲೆಯ ಕಣ್ಣು ಕಳೆದಿದ್ದೇನೆ. ಈ ಬಾರಿ ಏನು ಮಾಡಬೇಕೆಂದು ನೀನೇ ಹೇಳು.

ತೊರ್ಮೂದ್

* * *

ಕರಾವಳಿಯ ಜೈಲು,
ಮೇ ೬, ೨೦೧೯

ತೊರ್ಮೂದ್,

ನಿನ್ನ ಪತ್ರಕ್ಕೆ ಉತ್ತರಿಸಲು ನೂರು ದಿನ ಬೇಕಾಯಿತು. ಇಷ್ಟು ದಿನ ನಾನು ವಾದ ಹೂಡುತ್ತಿದ್ದೆ. ಬಾಗಿಲು ಹಾಕಿದ್ದು ಕಾರಣವೋ, ಸಂದರ್ಭವೋ? ಅವನು ಮತ್ತೊಮ್ಮೆ ತಟ್ಟಬಹುದಿತ್ತಲ್ಲವೇ? ಕಾಗದ ಹಾಕಬಹುದಿತ್ತಲ್ಲವೇ? ಎರಡೂ ಪಕ್ಷಗಳನ್ನು ನಾನೇ ವಾದಿಸಿದೆ, ಎರಡರಲ್ಲೂ ಗೆದ್ದೆ.

ಮಾರ್ಚಿನಲ್ಲಿ ನ್ಯಾಯಾಲಯ ಒಂದು ಕಣ್ಣಿಗೂ ಒಂದು ಕೈಗೂ ಸೇರಿಸಿ ಮೂರು ವರ್ಷ ಎರಡು ತಿಂಗಳು ಕೊಟ್ಟಿತು. ಪುತ್ರಶೋಕದಿಂದ ಬುದ್ಧಿ ಕಲಕಿತ್ತು ಎಂದು ಹೇಳೋಣ ಎಂದರು ನನ್ನ ವಕೀಲರು. ಕಲಕಿರಲಿಲ್ಲ; ಬೇಡ ಎಂದೆ. ಯಾರ್ಲೆ ಬಂದಿದ್ದ. ಕಪ್ಪು ಕಣ್ಪಟ್ಟಿ. ನನ್ನ ಕಡೆ ತಿರುಗಲೂ ಇಲ್ಲ, ನನ್ನ ಕಡೆಗಿದ್ದದ್ದು ಪಟ್ಟಿ ಕಟ್ಟಿದ ಆ ಕಣ್ಣೇ. ಕ್ಷಮೆ ಕೇಳಿ ಬರೆದೆ. ತೆರೆಯದೆ ಮರಳಿ ಬಂತು. ಅದು ಅವನ ಹಕ್ಕು.

ಕಳೆದ ಗುರುವಾರ ಹಿಂಡುಕೂಟದ ಸಭೆ ನಡೆಯಿತಂತೆ. ನಮ್ಮ ಮನೆಯ ಮತ ರಿಸ್ತೆನ್ ಹಾಕಿದಳು. ಗೋಪುರ ಮತ್ತೆ ನಿಲ್ಲಲಿ ಎಂದಳು. ನೆಲ ಎಲ್ಲೆಲ್ಲಿ ಮೆತ್ತಗಾಗ್ತಿದೆ ಅಂತ ತಿಳಿದೋರು ಇರಲಿ, ಆದರೆ ಇನ್ನು ಮೇಲೆ ಅವರ ಹಾಳೆಯನ್ನು ಮೊದಲು ನಾವು ಓದುತ್ತೇವೆ ಎಂದು ಹೇಳಿದಳೆಂದು ನನ್ನ ತಮ್ಮ ಬರೆದಿದ್ದಾನೆ. ನನಗೆ ಬರೆದ ಒಂದೇ ಪತ್ರ, ಎರಡೇ ಸಾಲು. ರಿಸ್ತೆನ್ ಬರೆಯುವುದಿಲ್ಲ.

ನಿನ್ನೆ ಯೊವ್ನಾ ಬಂದಿದ್ದ. ನಾನು ಕರೆದಿರಲಿಲ್ಲ. ಮೇಜಿನ ಆ ಕಡೆ ಕೂತ. ಎರಡು ಬೆರಳಿನ ಕೈಯನ್ನು ಬಚ್ಚಿಡದೆ ಮೇಜಿನ ಮೇಲಿಟ್ಟ. ಕರು ಹಾಕುವ ಕಾಲ, ಹಿಂಡು ಚದುರುತ್ತಿದೆ, ಸರೋವರದ ಉತ್ತರದ ದಂಡೆ ಮನೆಯಷ್ಟಗಲ ಕುಸಿದು ಹನ್ನೊಂದು ಹೆಣ್ಣು ಸಾರಂಗಗಳು ಕರುಗಳ ಸಮೇತ ಕೆಸರಿನಲ್ಲಿ ಹೂತುಹೋದವು, ಬದುಕಿದ್ದವನ್ನು ಎಳೆಯಲಾಗದೆ ಗುಂಡಿಟ್ಟೆವು ಎಂದ. ಎಡಗೈಯಿಂದ ಬಂದೂಕು ಹಿಡಿಯುವುದನ್ನು ಕಲಿಯುತ್ತಿದ್ದಾನಂತೆ. ಮೂರು ಪ್ರಾಣಿಗಳಿಗೆ ಎರಡೆರಡು ಗುಂಡು ಬೇಕಾಯಿತಂತೆ.

ಅವನು ಮುಗಿಸುವವರೆಗೆ ಕೇಳಿಸಿಕೊಂಡೆ. ಆಮೇಲೆ, ಆ ದಿನ ನನ್ನ ಬಾಗಿಲಲ್ಲಿ ಹೇಳಬೇಕೆಂದಿದ್ದುದನ್ನು ಪೂರ್ತಿ ಹೇಳು ಎಂದು ಕೇಳಿಕೊಂಡೆ. ಬೇಡ ದೊಡ್ಡಪ್ಪ ಎಂದ. ಎರಡನೆಯ ಸಲ ಕೇಳಿದೆ. ಮೂರನೆಯ ಸಲ ಕೇಳಿದೆ.

“ನಿಲ್ದಾಣದೋರು ಕೆರೆ ಮೇಲೆ ಕೋಲು ನೆಡ್ಸಿದಾರೆ. ಅದು ದಾರಿ ಅಲ್ಲ. ಸಮ್ಮೋಲ್‌ಗೆ ಹೇಳ್ಬಿಡಿ” ಎಂದ.

ಅಷ್ಟೇ. ಗಾಳಿ ಅಳೆಯುವವರ ಕುರಿತ ನನ್ನ ವಾಕ್ಯಕ್ಕೆ ಬೇಕಾದಷ್ಟು ಹೊತ್ತೂ ಬೇಕಿರಲಿಲ್ಲ.

ಆಮೇಲೆ ಅವನು ಎದ್ದು ಎಡಗೈಯಿಂದ ನನ್ನ ಬಾಯಿಗೆ ಗುದ್ದಿದ. ಕುರ್ಚಿ ಸಮೇತ ಬಿದ್ದೆ. ಎರಡು ಹಲ್ಲು ಹೋದವು. ಕಾವಲುಗಾರ ಓಡಿ ಬಂದಾಗ ಕಾಲು ಜಾರಿತು ಎಂದೆ. ಯೊವ್ನಾ ಅಳುತ್ತಿರಲಿಲ್ಲ. ಇನ್ನೂ ಹೊಡೆಯಬೇಕೆಂದಿದ್ದವನಂತೆ ನಿಂತಿದ್ದ. ಕಾವಲುಗಾರ ಇಲ್ಲದಿದ್ದರೆ ಹೊಡೆಯುತ್ತಿದ್ದ. ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ಹೋದ.

ಇನ್ನು ತನಿಖೆ. ಯೊವ್ನಾ ಹಗೆಯಿಂದ ನಾಲ್ಕನೆಯ ಮನೆಯನ್ನು ಬಿಟ್ಟನೆಂಬುದು ಸುಳ್ಳು. ಅವನು ಬಂದ, ನಿಂತ, ಬಾಯಿ ತೆರೆದ. ಅವನಿಗೆ ಕೊಟ್ಟ ಮಾತನ್ನು ಮುರಿದು ಈ ಪತ್ರವನ್ನು ಅವರಿಗೆ ಕೊಡು. ಅವರು ಕೇಳಿದ ಪ್ರಶ್ನೆಗೆ, ಎಚ್ಚರಿಕೆ ಯಾರನ್ನು ತಲುಪಿ ಮುಂದೆ ಹೋಗಲಿಲ್ಲ ಎಂಬುದಕ್ಕೆ, ಸಂಗತಿಯಷ್ಟೇ ಸಾಕು, ವಾದ ಬೇಡ. ಹೆಸರು ಇದು:

ಹೇಯ್ಕಾ ಉತ್ಸಿ
ಸಮ್ಮೋಲನ ತಂದೆ